ಇಲ್ಲದ ಬೆರಳು ಬಿಚ್ಚಿದ ಸಂಜೆ

ಚರ್ರ್ ಎಂದು ಎಳೆದ ಸದ್ದು ಅರ್ಧಕ್ಕೆ ನಿಂತಿತು. ಸ್ವಲ್ಪ ತಡೆದು ಮತ್ತೆ ಚರ್ರ್, ಮತ್ತೆ ಅರ್ಧಕ್ಕೇ. ಹಮ್ಮಿಗಿ ಊರಿನ ನಾಯಿಗಳು ಕೂಡ ಬೊಗಳಿ ದಣಿದು ಮಲಗಿದ್ದ ನಡುರಾತ್ರಿ ಅದು. ಇಲಿ ಇರಬೇಕು ಎಂದುಕೊಂಡು ನಾಗರತ್ನಾ ಮಗ್ಗುಲು ಬದಲಿಸಿದಳು. ಆದರೆ ಇಲಿ ಬೈಯುವುದಿಲ್ಲವಲ್ಲ. “ಇದರವ್ವನ...” ಎಂದು ಯಾರೋ ಹಲ್ಲು ಕಚ್ಚಿ ಬೈದದ್ದು ಕೇಳಿದ್ದೇ ಎದ್ದು ಕುಳಿತಳು. ಪಕ್ಕದಲ್ಲಿ ಗಂಡ ಇರಲಿಲ್ಲ.

ಪಡಸಾಲೆಯಲ್ಲಿ ಚನ್ನಬಸವಣ್ಣ ಒಂದು ಬ್ಯಾಗನ್ನು ಮೊಣಕಾಲಿನಡಿ ಅದುಮಿ ಹಿಡಿದು ಬಲಗೈಯಿಂದ ಅದರ ಜಿಪ್ಪು ಎಳೆಯುತ್ತಿದ್ದ. ಅವನ ಎಡಗೈ ಮೊಣಕೈಯಿಂದ ಸ್ವಲ್ಪ ಕೆಳಗೆ ಮುಗಿದುಹೋಗಿತ್ತು. ಉಳಿದದ್ದನ್ನು ಕಳೆದ ಸುಗ್ಗಿಯಲ್ಲಿ ಗೋವಿನಜೋಳ ಒಕ್ಕುವ ಮಶೀನು ತಿಂದಿತ್ತು.

“ಇಷ್ಟೊತ್ತಿನ್ಯಾಗ ಎಲ್ಲಿಗ್ರಿ?”

“ಎಲ್ಲಿಗೂ ಇಲ್ಲ. ಸೋಮವಾರಕ್ಕ ತಯಾರಿ. ನಿದ್ದಿ ಬರವಲ್ದು, ಸುಮ್ಕ ಕುಂತು ಏನ್ ಮಾಡ್ಲಿ?”

“ಇವತ್ತಿನ್ನೂ ಶುಕ್ರವಾರ.”

“ಅದನ್ನ ಈ ಕೈಗೆ ಹೇಳು” ಎಂದು ಅವನು ಇಲ್ಲದ ಕೈಯ ಕಡೆ ಗದ್ದ ತೋರಿಸಿದ.

ಹೋದ ಕೈ ನೋಯುತ್ತದೆ ಎಂದರೆ ಊರಿನಲ್ಲಿ ಯಾರೂ ಮೊದಲು ನಂಬಿರಲಿಲ್ಲ. ನಾಗರತ್ನಾಳೂ ನಂಬಿರಲಿಲ್ಲ. ಆದರೆ ಹೊತ್ತು ಮುಳುಗುತ್ತಲೇ ಆ ಇಲ್ಲದ ಕೈ ಮುಷ್ಟಿ ಕಟ್ಟುತ್ತಿತ್ತು. ಬೆರಳುಗಳು ಬಿಗಿದು, ಉಗುರು ಅಂಗೈಯೊಳಗೆ ನಾಟಿ, ಬಿಚ್ಚಲು ಬಾರದಂತೆ ಗಂಟಾಗುತ್ತಿತ್ತು. ಬಿಡಿಸೋಣವೆಂದರೆ ಹಿಡಿಯಲು ಬೆರಳೆಲ್ಲಿವೆ? ಚನ್ನಬಸವಣ್ಣ ಮಂಚದ ಪಟ್ಟಿ ಹಿಡಿದು ಬೆವರುತ್ತಿದ್ದ. ನಾಗರತ್ನಾ ಅವನ ಬೆನ್ನು ನೀವುತ್ತ ಕೂರುತ್ತಿದ್ದಳು. ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ದೊಡ್ಡ ಡಾಕ್ಟರು, ನರದ ತುದಿಯಲ್ಲಿ ಗಂಟಾಗಿದೆ, ಮೊಣಕೈ ಸೇರಿಸಿ ಮೇಲಕ್ಕೆ ಇನ್ನೊಮ್ಮೆ ಕತ್ತರಿಸಿದರೆ ನೋವು ಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದರು. ಚನ್ನಬಸವಣ್ಣನ ಕಿವಿಗೆ ಬಿದ್ದದ್ದು ಮೊದಲ ಮಾತು; ಈ ಸೋಮವಾರಕ್ಕೆ ಆಪರೇಶನ್ ಗೊತ್ತುಮಾಡಿಕೊಂಡು ಬಂದಿದ್ದ. ನಾಗರತ್ನಾಳ ಕಿವಿಗೆ ಬಿದ್ದದ್ದು ಎರಡನೆಯದು.

ಮೊಣಕೈ ಎಂದರೆ ಸಣ್ಣ ಮಾತೇ? ಆ ಮಡಿಕೆಯೊಂದು ಉಳಿದಿದ್ದಕ್ಕೇ ಅವನು ಕೊಡ ಸಿಕ್ಕಿಸಿಕೊಂಡು ನೀರು ತರುತ್ತಿದ್ದ, ಮೇವಿನ ಸಿವುಡು ಕಂಕುಳಲ್ಲಿ ಹಿಡಿಯುತ್ತಿದ್ದ, ಎತ್ತಿನ ಹಗ್ಗ ಸುತ್ತಿಕೊಂಡು ಎಳೆಯುತ್ತಿದ್ದ. ಅದೂ ಹೋದರೆ ಭುಜದಿಂದ ಇಳಿಬಿದ್ದ ಒಂದು ತುಂಡು ಮಾತ್ರ. ಅಷ್ಟೆಲ್ಲ ಕೊಟ್ಟ ಮೇಲೂ ಮುಷ್ಟಿ ಬಿಚ್ಚದಿದ್ದರೆ?

“ರವಿವಾರದ ತನಕ ನನ್ನ ಮಾತು ಕೇಳ್ರಿ” ಎಂದಳು.

“ಮತ್ತ ಆ ಕರೆಂಟ್ ಡಬ್ಬಿನೇ? ಸಾಕ ಮಾಡು ರತ್ನಾ. ಅದು ಗದಗಿನ್ಯಾಗ ಇದ್ದಾಗ ಒಂದ್ ನಮೂನಿ, ನಮ್ಮನ್ಯಾಗ ಇದ್ದಾಗ ಒಂದ್ ನಮೂನಿ. ಅದಕ್ಕೂ ಹಳ್ಳಿ ಒಲ್ಲೆ ಅನಸ್ತೈತೇನೋ.”

ಅದು ಖರೆಯೇ ಆಗಿತ್ತು, ಅದೇ ಅವಳ ತಲೆ ತಿನ್ನುತ್ತಿತ್ತು.

ಗದಗಿನ ಮುಳಗುಂದ ನಾಕಾದ ಹತ್ತಿರ, ಔಷಧ ಅಂಗಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಶೀತಲ್ ಎಂಬ ಫಿಜಿಯೋಥೆರಪಿ ಡಾಕ್ಟರ್ ಹುಡುಗಿ ಇದ್ದಳು. ಅಂಗೈಯಗಲದ ಒಂದು ಪೆಟ್ಟಿಗೆ, ಅದರಿಂದ ಹೊರಟ ತೆಳು ವಾಯರು, ವಾಯರಿನ ತುದಿಗೆ ಅಂಟುವ ಪಟ್ಟಿಗಳು. ಇಷ್ಟನ್ನು ಮೇಜಿನ ಮೇಲಿಟ್ಟು ಆಕೆ ಹೇಳಿದ್ದಳು: “ನೋವಿನ ಸುದ್ದಿ ಮಿದುಳಿಗೆ ಹೋಗೂ ದಾರ್ಯಾಗ ಈ ಸಣ್ಣ ಕರೆಂಟು ಗದ್ದಲ ಮಾಡ್ತೈತ್ರಿ ಅಕ್ಕಾರ. ಸಂತ್ಯಾಗ ದೂರ ನಿಂತಾಂವ ಕೂಗಿದ್ದು ಕೇಳಸಂಗಿಲ್ಲಲ್ರಿ? ಹಂಗ. ಎಲ್ಲಾರಿಗೂ ಹತ್ತತೈತಿ ಅಂತ ನಾ ಮಾತು ಕೊಡಂಗಿಲ್ಲ. ನೋಡೂಣು.” ಸ್ಪಿರಿಟಿನ ಅರಳೆಯಿಂದ ಕೈಯ ತುದಿ ಒರೆಸಿ, ಪಟ್ಟಿ ಅಂಟಿಸಿ, ಗುಂಡಿ ಮೆಲ್ಲಗೆ ತಿರುಗಿಸಿದಾಗ ಚನ್ನಬಸವಣ್ಣ ಮೊದಲು ಹುಬ್ಬು ಗಂಟಿಕ್ಕಿದ್ದ, ಆಮೇಲೆ ನಕ್ಕಿದ್ದ. ಆಗಲೇ ಕಟ್ಟತೊಡಗಿದ್ದ ಸಂಜೆಯ ಮುಷ್ಟಿ ಒಂದಿಷ್ಟು ಸಡಿಲಾಗಿತ್ತು! ವಾಪಸು ಬರುವಾಗ ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಗಿರಮಿಟ್ಟು ಮಿರ್ಚಿ ಇನ್ನೊಂದು ಪ್ಲೇಟು ಕೇಳಿ ತಿಂದಿದ್ದ.

ಮನೆಗೆ ತಂದ ಮೇಲೆ ಏನೂ ಇಲ್ಲ. ಸಂಜೆ ನೋವು ಏಳುವ ಹೊತ್ತಿಗೆ, ಅತ್ತೆ ನೀಲಗಂಗವ್ವನ ಲಿಂಗಪೂಜೆ ಮುಗಿದು, ಮಗನಿಗೆ ವಿಭೂತಿ ಹಚ್ಚಿ ಆದ ಮೇಲೆ, ನಾಗರತ್ನಾ ಪೆಟ್ಟಿಗೆ ತೆಗೆಯುತ್ತಿದ್ದಳು. ಪಟ್ಟಿ ನಿಲ್ಲುತ್ತಿರಲಿಲ್ಲವೆಂದು ಹಳೆಯ ಸೀರೆಯ ಅಂಚಿನಿಂದ ಕಟ್ಟುತ್ತಿದ್ದಳು. ಗುಂಡಿಯನ್ನು ಕಡೆಯವರೆಗೂ ತಿರುಗಿಸಿದರೂ ಅವನು “ಏನೂ ಇಲ್ಲ” ಎನ್ನುತ್ತಿದ್ದ. ದಿನಾ ಅದೇ ಮಾತು. ಶೀತಲ್ ಹೇಳಿದ್ದೆಲ್ಲವನ್ನೂ ಆಕೆ ಪಾಲಿಸಿದ್ದಳು. ಎಣ್ಣೆ ಹಚ್ಚಬೇಡಿರಿ ಎಂದಿದ್ದಕ್ಕೆ ಎಣ್ಣೆ ಬಿಟ್ಟಳು. ಪೌಡರು, ಮುಲಾಮು ಬೇಡ ಎಂದಿದ್ದಕ್ಕೆ ಆ ಡಬ್ಬಿಗಳನ್ನೇ ಅಟ್ಟಕ್ಕೆ ಹಾಕಿದಳು. ಕಾಲೇಜಿನಲ್ಲಿ ಪರೀಕ್ಷೆಗೆ ಓದಿದ್ದಕ್ಕಿಂತ ಹೆಚ್ಚು ಎಚ್ಚರದಿಂದ ಆ ಪೆಟ್ಟಿಗೆಯ ಪುಸ್ತಕ ಓದಿದ್ದಳು.

“ರವಿವಾರದ ತನಕ” ಎಂದಳು ಮತ್ತೆ. ಚನ್ನಬಸವಣ್ಣ ಬ್ಯಾಗನ್ನು ಗೋಡೆಗೆ ತಳ್ಳಿ ಹೋಗಿ ಮಲಗಿದ. ಅದನ್ನೇ ಆಕೆ ಒಪ್ಪಿಗೆ ಎಂದು ತಿಳಿದುಕೊಂಡಳು.

ಬೆಳಗಾಗುವುದನ್ನೇ ಕಾದು ಶೀತಲ್‌ಗೆ ಫೋನು ಹಚ್ಚಿದಳು.

“ಅಕ್ಕಾರ, ನಿಮ್ಮ ಕೈಗೇ ಹಚ್ಚಿ ನೋಡ್ರಿ” ಎಂದಳು ಶೀತಲ್. “ನಿಮಗ ಜುಮ್ ಅಂತ ಅಂದ್ರ ಮಶೀನು ಬರೋಬರಿ ಐತಿ ಅಂತ. ಕೂಡ ಕೊಟ್ಟೀನಲ್ಲ, ಆ ಹೊಸ ಪಟ್ಟಿ ತಗೀರಿ.”

ನಾಗರತ್ನಾ ಹಿತ್ತಲ ಕಟ್ಟೆಯ ಮೇಲೆ ಕೂತು ಹೊಸ ಪಟ್ಟಿಗಳನ್ನು ತನ್ನ ಮುಂಗೈಗೆ ಒತ್ತಿದಳು. ಗಪ್ಪನೆ ಹಿಡಿದುಕೊಂಡವು. ಗುಂಡಿ ಒಂದಿಷ್ಟೇ ತಿರುಗಿಸಿದಳು ಅಷ್ಟೆ, ಜುಮ್ಮೆಂದು ತೋಳು ತುಂಬ ಹರಿಯಿತು! ಇನ್ನಷ್ಟು ತಿರುಗಿಸಿದರೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಕುಣಿಯತೊಡಗಿದವು. “ಅಯ್ಯಯ್ಯ!” ಎಂದು ಕಿರುಚಿದಳು.

ಮಜ್ಜಿಗೆ ಕಡೆಯುತ್ತಿದ್ದ ನೀಲಗಂಗವ್ವ ಒಳಗಿನಿಂದ ಓಡಿ ಬಂದಳು. ಸೊಸೆಯ ಬೆರಳು ಕುಣಿಯುವುದನ್ನು ಕಂಡದ್ದೇ ತಡ, ಮಜ್ಜಿಗೆ ಸುರಿಯುತ್ತಿದ್ದ ಕಡಗೋಲನ್ನೇ ಎತ್ತಿದಳು.

“ಹೊಡೀಬ್ಯಾಡ್ರಿ ಅತ್ತಿ!”

“ಕರೆಂಟ್ ಹಿಡದವರನ್ನ ಕಟಗೀಲೇ ಹೊಡದ ಬಿಡಸಬೇಕವ್ವಾ! ನಮ್ಮ ಅಜ್ಜ ಹೇಳ್ಯಾನ!”

“ಇದು ಅಂಥಾ ಕರೆಂಟಲ್ರಿ! ಇದು ಶೆಲ್ಲಿಂದು. ಬ್ಯಾಟರ್ಯಾಗ ಹಾಕತಾರಲ್ಲ, ಆ ಶೆಲ್ಲು!”

ಪಕ್ಕದ ಕೋಣೆಯಿಂದ ಮೈದುನ ಮುತ್ತಣ್ಣ ಹಲ್ಲುಜ್ಜುತ್ತಲೇ ಇಣುಕಿದ. ಅಣ್ಣನನ್ನು ಹುಬ್ಬಳ್ಳಿಗೆ ಒಯ್ಯಲು ಸೋಮವಾರ ತನ್ನ ಟಂಟಂ ರಿಕ್ಷಾಗೆ ಬೇರೆ ಬಾಡಿಗೆ ಒಪ್ಪಿಕೊಳ್ಳದವನು ಅವನೇ. “ಏ ಅವ್ವಾ, ಹೊಡಿ ಒಂದೇಟು. ವೈನಿಗೆ ಹೊಡಿಯಾಕ ಇಂಥಾ ಚಾನ್ಸು ಮತ್ತ ಸಿಗಂಗಿಲ್ಲ” ಎಂದು ಅತ್ತಿಗೆಯತ್ತ ನೋಡಿ ನಕ್ಕ.

“ನಿನ್ನ ಬಾಯಿಗೇ ಹೊಡೀತೀನಿ ತಡಿ” ಎಂದು ನೀಲಗಂಗವ್ವ ಕಡಗೋಲು ತಿರುಗಿಸಿದಳು. ಅವನು ನೊರೆ ಉಗುಳುತ್ತ ಓಡಿದ.

ನಾಗರತ್ನಾ ನಕ್ಕಳು, ನಕ್ಕ ಬಾಯಿ ಮುಚ್ಚುವ ಮೊದಲೇ ಭಯ ಹಿಡಿಯಿತು. ಮಶೀನು ಸರಿ ಇದೆ. ಹಾಗಾದರೆ ಕೆಟ್ಟಿದ್ದು ಯಾವುದು? ಗದಗಿನಿಂದ ಬಂದ ಮೇಲೆ ಅವನ ನರಗಳೇ ಸತ್ತುಹೋದವೇ? ಹುಬ್ಬಳ್ಳಿಯ ಡಾಕ್ಟರು ಹೇಳಿದ್ದೇ ಖರೆಯೇ? ಇಡೀ ದಿನ ಆಕೆ ಒಂದು ಕೆಲಸಕ್ಕೆ ಹೋಗಿ ಇನ್ನೊಂದು ಮಾಡಿ ಬಂದಳು. ಹೊಳೆಯ ಕಡೆಯಿಂದ ತಂಪು ಗಾಳಿ ಬೀಸುವ ಹೊತ್ತಾಯಿತು, ಚನ್ನಬಸವಣ್ಣನ ಮುಖ ಬಿಗಿಯತೊಡಗಿತು, ಇನ್ನು ಮುಷ್ಟಿ ಕಟ್ಟುತ್ತದೆ ಎಂದು ಅವಳಿಗೆ ಗೊತ್ತಾಯಿತು.

ನೀಲಗಂಗವ್ವ ಪೂಜೆ ಮುಗಿಸಿ ಬಂದು ಮಗನ ಮುಂದೆ ಕೂತಳು. ಎಂದಿನಂತೆ ಹಣೆಗೆ ಮೂರು ಬೆರಳಿನ ಪಟ್ಟೆ, ಬಲತೋಳಿಗೆ ಪಟ್ಟೆ. ಎಡಗೈಯ ತುದಿಗೆ ಮಾತ್ರ ಸುತ್ತಲೂ, ದಪ್ಪಗೆ, ಮಗುವಿಗೆ ಹಚ್ಚುವಂತೆ. ಅವಘಡವಾದ ದಿನದಿಂದ ಮಗನಿಗೆ ತಾನು ಮಾಡಬಲ್ಲದ್ದು ಇದೊಂದೇ ಎಂದು ಆಕೆ ನಂಬಿದ್ದಳು. ಚನ್ನಬಸವಣ್ಣ ಯಾವತ್ತಿನಂತೆ ಆ ಕಡೆ ನೋಡದೆ ಕಿಟಕಿಯ ಕಡೆ ಮುಖ ಮಾಡಿದ್ದ. ಆ ತುದಿಯನ್ನು ಅವನು ನೋಡುತ್ತಲೇ ಇರಲಿಲ್ಲ.

ನಾಗರತ್ನಾ ಬೆಳಗಿನ ಹೊಸ ಪಟ್ಟಿಯನ್ನು ಒತ್ತಿದಳು. ಅವಳ ಕೈಯಿಂದ ಕೀಳುವಾಗ ರೋಮವನ್ನೇ ಕಿತ್ತುಕೊಂಡಿದ್ದ ಪಟ್ಟಿ, ಇಲ್ಲಿ ಒಣ ಎಲೆಯಂತೆ ಜಾರಿ ಅವಳ ಮಡಿಲಿಗೆ ಬಿತ್ತು. ತಿರುವಿ ನೋಡಿದಳು. ಅಂಟಿನ ಮೇಲೆ ಸ್ವಚ್ಛವಾಗಿ, ಅಚ್ಚೊತ್ತಿದಂತೆ, ಬೆಳ್ಳನೆಯ ಮೂರು ಗೆರೆ ಮೂಡಿದ್ದವು. ಅತ್ತೆಯ ಮೂರು ಬೆರಳು.

ಪಟ್ಟಿಯನ್ನು ಕಣ್ಣಿನ ಹತ್ತಿರ ತಂದು ಇನ್ನೊಮ್ಮೆ ನೋಡಿದಳು.

ಎಣ್ಣೆ ಬೇಡ, ಪೌಡರು ಬೇಡ, ಮುಲಾಮು ಬೇಡ. ಮೂರನ್ನೂ ನಿಲ್ಲಿಸಿದ್ದಳು. ವಿಭೂತಿಯನ್ನು ಅವಳು ಕಂಡೇ ಇರಲಿಲ್ಲ! ದಿನವೂ ಅವಳ ಕಣ್ಣೆದುರಿಗೇ ಹಚ್ಚುತ್ತಿದ್ದರು, ದಿನವೂ ಅದರ ಮೇಲೆಯೇ ಅವಳು ಪಟ್ಟಿ ಕಟ್ಟುತ್ತಿದ್ದಳು. ಹುಟ್ಟಿದಾಗಿನಿಂದ ಕಂಡ ವಿಭೂತಿ ಅವಳಿಗೆ ಮೈಗೆ ಹಚ್ಚಿದ ಪದಾರ್ಥವಾಗಿ ತೋರಿರಲೇ ಇಲ್ಲ. ಮೂಗಿನ ಹಾಗೆ, ಹುಬ್ಬಿನ ಹಾಗೆ ಅದೂ ಮೈಯೇ ಆಗಿತ್ತು. ಶೀತಲ್ ಅಂದು ಸ್ಪಿರಿಟಿನಿಂದ ಒರೆಸಿದ್ದಳು. ಗದಗಿಗೂ ಹಮ್ಮಿಗಿಗೂ ಇದ್ದ ವ್ಯತ್ಯಾಸ ಇಷ್ಟೇ!

ಕೂಗಬೇಕೆನಿಸಿತು. ತಲೆ ಎತ್ತಿದರೆ ಎದುರಿಗೆ ನೀಲಗಂಗವ್ವ, ತೊಡೆಯ ಮೇಲೆ ವಿಭೂತಿಗಟ್ಟಿ ಇಟ್ಟುಕೊಂಡು, ಮಗನ ಮುಖವನ್ನೇ ನೋಡುತ್ತ ತುಟಿ ಅಲುಗಿಸುತ್ತಿದ್ದಳು. ಅವಳ ಎದುರು ಅದನ್ನು ಅಳಿಸುವುದೇ? ನಾಗರತ್ನಾ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದಳು.

“ಅತ್ತಿ, ಬಿಸಿನೀರಿನ ಅರಬಿ ಸುತ್ತಿ ಆಮ್ಯಾಲೆ ಹಚ್ಚಿದ್ರ ಹೆಂಗ ಅಂತ? ಥಂಡಿಗೆ ಪಟ್ಟಿ ಹಿಡಿಯವಲ್ದು.”

“ಮೊದಲ ಹೇಳಬಾರದೇನ ಯವ್ವಾ?” ಎಂದು ನೀಲಗಂಗವ್ವ ಮೊಣಕಾಲು ಹಿಡಿದು ಎದ್ದು, ಹಂಡೆಯಿಂದ ಬಿಸಿನೀರು ತಾನೇ ತಂದುಕೊಟ್ಟಳು.

ನಾಗರತ್ನಾ ಒದ್ದೆ ಬಟ್ಟೆ ಸುತ್ತಿ, ಒತ್ತುವ ನೆಪದಲ್ಲಿ ತಿರುವಿ ತಿರುವಿ ಒರೆಸಿದಳು. ಬಟ್ಟೆ ಹಿಂಡಿದ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಪಾತ್ರೆಯನ್ನು ಕಾಲಿನಿಂದ ಮಂಚದಡಿಗೆ ತಳ್ಳಿದಳು. ಪಟ್ಟಿಯ ಅಂಟನ್ನು ಒದ್ದೆ ಬೆರಳಿನಿಂದ ಸವರಿ, ಆರಿಸಿ, ಒತ್ತಿದಳು. ಗಪ್ಪನೆ ಹಿಡಿಯಿತು!

ಮಶೀನಿಗೆ ಕೈ ಹಾಕಿದವಳು ಅಲ್ಲೇ ತಡೆದಳು. ಬೆಳಿಗ್ಗೆ ತನ್ನ ಬೆರಳು ಕುಣಿಸಿದ ಮಟ್ಟದಲ್ಲೇ ಗುಂಡಿ ಇತ್ತು; ಅದೇ ಜೋರಿಗೆ ಈ ಸ್ವಚ್ಛ ಚರ್ಮಕ್ಕೆ ಬಿಟ್ಟಿದ್ದರೆ ಅವನು ಮಂಚದಿಂದ ಹಾರುತ್ತಿದ್ದ. ಪೂರ್ತಿ ಕೆಳಕ್ಕಿಳಿಸಿ ಸ್ವಿಚ್ಚು ಒತ್ತಿದಳು.

“ಏನರ ಅನಸ್ತೇನ್ರಿ?”

“ಇಲ್ಲ.”

ಕೂದಲಿನಷ್ಟು ತಿರುಗಿಸಿದಳು. “ಈಗ?”

ಅವನು ಕಿಟಕಿಯಿಂದ ಮುಖ ತಿರುಗಿಸಿ ತನ್ನ ಕೈಯ ತುದಿಯನ್ನು ಅಪರಿಚಿತರನ್ನು ನೋಡುವಂತೆ ನೋಡಿದ.

“ತಡಿ... ತಡಿ ತಡಿ. ಇರುವಿ ಹರದಂಗ ಆಗಾಕತ್ತೈತಿ.”

“ಎಲ್ಲಿ?”

“ಮೊಣಕೈ ಕೆಳಗ... ಇನ್ನೂ ಕೆಳಗ... ಏ, ಮಣಿಕಟ್ಟು ದಾಟ್ತು!”

ಅಲ್ಲಿ ಮಣಿಕಟ್ಟೂ ಇರಲಿಲ್ಲ, ಏನೂ ಇರಲಿಲ್ಲ, ಮಂಚದ ಮೇಲಿನ ಕೌದಿಯಷ್ಟೇ ಇತ್ತು. ಆದರೂ ಮೂವರೂ ಆ ಖಾಲಿ ಜಾಗವನ್ನೇ ಬಾಗಿ ನೋಡಿದರು.

“ಇನ್ನಷ್ಟು ಬಿಡು ರತ್ನಾ. ಹಾಂ. ಹಾಂ! ಹೆಬ್ಬೆಟ್ಟು! ಹೆಬ್ಬೆಟ್ಟು ಮ್ಯಾಲೆದ್ದತಿ! ಯವ್ವಾ, ನೋಡ ಬೇ! ತೋರಬೆರಳೂ ಬಿಟ್ಟತಿ! ನಡೂಂದು... ನಡೂಂದು ಹಠ ಮಾಡಾಕತ್ತೈತಿ... ಬಿಟ್ಟತಿ, ಅದೂ ಬಿಟ್ಟತಿ!” ಅವನು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಚ್ಚುತ್ತ ಎಡಗೈಯ ಲೆಕ್ಕ ಕೊಟ್ಟ. ಕಿರುಬೆರಳಿಗೆ ಬರುವಷ್ಟರಲ್ಲಿ ಕಣ್ಣಿನಿಂದ ನೀರು ಇಳಿದು ಮೀಸೆಯಲ್ಲಿ ನಿಂತಿತ್ತು. ಅಂಗೈ ಬಿಚ್ಚಿದೆ, ಅಂಗೈಗೆ ಗಾಳಿ ತಾಗುತ್ತಿದೆ ಎಂದ.

ಗದ್ದಲ ಕೇಳಿ ಮುತ್ತಣ್ಣ ಕೈಯಲ್ಲಿ ರೊಟ್ಟಿ ಚೂರು ಹಿಡಿದೇ ಓಡಿ ಬಂದ. “ಏನಾತು? ಯಾರ್ ಹ್ವಾದ್ರು?”

“ಯಾರೂ ಹೋಗಿಲ್ಲಲೇ! ಬಂದಾವು! ನನ್ನ ಬೆರಳು ಬಂದಾವು!”

ಮುತ್ತಣ್ಣ ಅಣ್ಣನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ. ಅರ್ಥವಾಗುತ್ತಲೇ ರೊಟ್ಟಿ ಬಾಯಿಗೆ ತುರುಕಿ ಅಣ್ಣನ ಭುಜ ಹಿಡಿದು ಅಲ್ಲಾಡಿಸಿಬಿಟ್ಟ. “ಎಣಿಸಿ ನೋಡಣ್ಣಾ, ಐದೂ ಬಂದಾವಿಲ್ಲೋ? ಎರಡು ಹೆಚ್ಚಿಗಿ ಬಂದಿದ್ರ ನನಗ ಕೊಡು, ಸ್ಟೇರಿಂಗ್ ಹಿಡಿಯಾಕ ಬೇಕು.”

“ವಾಯರು ಕಿತ್ತೀರಿ, ಸರೀರಿ ಅತ್ಲಾಗ!” ಎಂದು ನಾಗರತ್ನಾ ಗದರಿದಳು. ದನಿಯಲ್ಲಿ ಮಾತ್ರ ಸಿಟ್ಟಿರಲಿಲ್ಲ.

ನೀಲಗಂಗವ್ವ ಎರಡೂ ಕೈ ಜೋಡಿಸಿ ಮೇಲೆ ನೋಡಿದಳು. “ನಾ ಹೇಳಿದ್ದಿಲ್ಲೇನು? ಮಠದ ವಿಭೂತಿ, ಸುಮ್ಕ ಹೋಗಂಗಿಲ್ಲಂತ! ದಿನಾ ಹಚ್ಚಿದ್ದು ಇವತ್ತ ಒಳಗ ಇಳೀತು ನೋಡು.”

“ಕೆಲಸ ಮಾಡಿದ್ದು ಶೆಲ್ಲು, ಹೆಸರು ಮಾತ್ರ ನಿನ್ನ ವಿಭೂತಿಗೆ. ಭಾರೀ ಆತಿದು” ಎಂದ ಮುತ್ತಣ್ಣ.

“ನಿನಗೇನ ಗೊತ್ತಾಗತೈತ್ಲೇ ಬಾಡ್ಯಾ? ಗಾಡಿ ಮುಂದ ನಿಂಬಿಹಣ್ಣು ಕಟ್ಟತಿ ಯಾಕ ಮತ್ತ?”

ಮುತ್ತಣ್ಣ ತಲೆ ಕೆರೆದುಕೊಂಡ. ಚನ್ನಬಸವಣ್ಣ ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದು ನಕ್ಕ. ನಾಗರತ್ನಾ ಮಾತ್ರ ತನ್ನ ಕಾಲಿನಿಂದ ಪಾತ್ರೆಯನ್ನು ಇನ್ನಷ್ಟು ಒಳಗೆ ತಳ್ಳಿದಳು.

ಮಶೀನು ಆರಿಸಿದ ಸ್ವಲ್ಪ ಹೊತ್ತಿಗೆ ಬೆರಳುಗಳು ಮತ್ತೆ ಮಡಚಿದವು, ಆದರೆ ಮುಂಚಿನ ಬಿಗಿ ಇರಲಿಲ್ಲ. ಆ ರಾತ್ರಿ ಅವನು ಗೊರಕೆ ಹೊಡೆದ. ಆ ಗೊರಕೆಯನ್ನು ಕೇಳುತ್ತ ಆಕೆ ನಿದ್ದೆಗೆಟ್ಟಳು, ಖುಷಿಯಿಂದಲೇ ಕೆಟ್ಟಳು. ರವಿವಾರ ಸಂಜೆಯೂ ಹಾಗೇ ಆಯಿತು, ಇನ್ನೂ ಬೇಗ ಬಿಚ್ಚಿತು. ಚನ್ನಬಸವಣ್ಣ ತಾನೇ ಹುಬ್ಬಳ್ಳಿಗೆ ಫೋನು ಮಾಡಿ, “ಸದ್ಯಕ್ಕ ಬರಂಗಿಲ್ರಿ. ಕೈ ಒಲ್ಲೆ ಅನ್ನಾಕತ್ತೈತಿ” ಎಂದ. ಆಚೆಯವರಿಗೆ ಏನು ತಿಳಿಯಿತೋ.

ಫೋನು ಇಟ್ಟವನು ಹೆಂಡತಿಯ ಕಡೆ ತಿರುಗಿದ. “ಖರೆ ಹೇಳು. ಇಷ್ಟ ದಿನ ಹತ್ತಲಾರದ್ದು ನಿನ್ನಿ ಹೆಂಗ ಹತ್ತಿತು?”

ಬಾಗಿಲಾಚೆ ಕಟ್ಟೆಯ ಮೇಲೆ ನೀಲಗಂಗವ್ವ ಓಣಿಯ ಹೆಂಗಸರಿಗೆ ಹೇಳುತ್ತಿದ್ದುದು ಸ್ವಚ್ಛವಾಗಿ ಕೇಳುತ್ತಿತ್ತು: “ನನ್ನ ಕೈಲೇ ಏನೂ ಆಗಂಗಿಲ್ಲ ಅಂತ ಕಣ್ಣೀರ ಹಾಕ್ತಿದ್ನಿ. ಈ ಮುದಕಿ ಕೈಗೂ ಒಂದಿಷ್ಟು ಪುಣ್ಯೆ ಐತಿ ಅಂತ ಈಗ ಗೊತ್ತಾತು ನೋಡವ್ವಾ.”

ಗಂಡನಿಗೆ ಹೇಳಿದರೆ ಅವನು ಬಾಯಿ ಕಟ್ಟಿಕೊಳ್ಳುವವನಲ್ಲ. ಇವತ್ತಲ್ಲದಿದ್ದರೆ ನಾಳೆ, ಊಟಕ್ಕೆ ತಡವಾದ ಯಾವುದೋ ಸಿಟ್ಟಿನಲ್ಲಿ, ನಿನ್ನ ವಿಭೂತಿಯಿಂದಲೇ ನಾನು ಒದ್ದಾಡಿದೆ ಎಂದು ತಾಯಿಗೆ ಅಂದೇಬಿಡುತ್ತಾನೆ. ಆಮೇಲೆ ಆ ಮುದುಕಿ ತನ್ನ ಕೈಯನ್ನೇ ನೋಡಿಕೊಳ್ಳುತ್ತ ಕೂರುತ್ತಾಳೆ. ಪಟ್ಟಿ ಕಟ್ಟಿದವಳು ನಾನು, ಕಣ್ಣಿದ್ದೂ ಕಾಣದವಳು ನಾನು ಎಂದು ಎಷ್ಟು ಹೇಳಿದರೂ ಅವಳ ಕಿವಿಗೆ ಅದು ಬೀಳುವುದಿಲ್ಲ.

“ಪಟ್ಟಿ ಸರಿ ಹತ್ತಿರಲಿಲ್ರಿ. ಈಗ ಹತ್ಯಾವು” ಎಂದಳು ನಾಗರತ್ನಾ. ಸುಳ್ಳೇನೂ ಅಲ್ಲ.

ನಾಗರತ್ನಾ ರಾತ್ರಿಯೇ ಶೀತಲ್‌ಗೆ ಸುದ್ದಿ ಕಳಿಸಿದ್ದಳು. ಸೋಮವಾರ ಬೆಳಿಗ್ಗೆ ಶೀತಲ್‌ಳ ಫೋನು ಬಂತು. ಕೈಯಲ್ಲಿ ರೊಟ್ಟಿ ಹಿಟ್ಟಿದ್ದರಿಂದ ನಾಗರತ್ನಾ ಅದನ್ನು ಸ್ಪೀಕರಿಗೆ ಹಾಕಿದಳು. ಪಕ್ಕದಲ್ಲಿ ನೀಲಗಂಗವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಅಕ್ಕಾರ! ಖಬರ ಕೇಳಿ ಭಾಳ ಖುಷಿ ಆತ್ರಿ! ಏನ್ ಬದಲಿ ಮಾಡಿದ್ರಿ? ಇಲ್ಲಿ ಬೇರೇದವರಿಗೂ ಹೇಳಾಕ ಬೇಕು ನನಗ.”

“ಮುಂಜಾನೆ ಜಳಕ ಆಗೈತಿ ಅಂತ ಬಿಡಬಾರದು. ಮಶೀನು ಹಚ್ಚೂಮುಂದ ಮತ್ತೊಮ್ಮೆ ಬಿಸಿನೀರಿಲೇ ತೊಳದು, ಒಣಗಿಸಿ, ಆಮ್ಯಾಲೆ ಪಟ್ಟಿ ಹಚ್ಚಬೇಕು. ಯಾರೇ ಬರ್ಲಿ, ಇದನ್ನ ತಪ್ಪದ ಹೇಳ್ರಿ.”

“ಯಾಕ್ರಿ, ಕೈಮ್ಯಾಲೆ ಏನರ ಇತ್ತೇನ್ರಿ?”

ನೀಲಗಂಗವ್ವ ಬೆಳ್ಳುಳ್ಳಿ ಬಿಟ್ಟು ತಲೆ ಎತ್ತಿದಳು.

“ನಮ್ಮೂರಾಗ ಧೂಳ ಭಾಳ ನೋಡ್ರಿ” ಎಂದಳು ನಾಗರತ್ನಾ.

“ಹೊಳಿ ದಂಡಿಮ್ಯಾಗ ಎಲ್ಲಿ ಧೂಳ್ರೀ ಅಕ್ಕಾರ?” ಎಂದು ಶೀತಲ್ ನಕ್ಕಳು.

“ಟಂಟಂ ಓಡ್ಯಾಡ್ತಾವಲ್ರಿ” ಎಂದು ನೀಲಗಂಗವ್ವ ಫೋನಿನ ಹತ್ತಿರ ಬಾಯಿ ತಂದು ಕೂಗಿದಳು. “ನಮ್ಮ ಸಣ್ಣಾಂವಂದು ಒಂದೇ ಸಾಕು!”

ಫೋನು ಇಟ್ಟ ಮೇಲೆ ನಾಗರತ್ನಾ ಹಿಟ್ಟು ನಾದುತ್ತ ಮೆಲ್ಲಗೆ ಹೇಳಿದಳು. “ಅತ್ತಿ, ದಿನಾ ಸಂಜಿಕ ಅವರ ಕೈ ನೀವೇ ತೊಳದ ಕೊಡ್ರಿ. ಬಿಸಿನೀರಿನ ಹದ ನಿಮಗ ತಿಳದಂಗ ನನಗ ತಿಳಿಯಂಗಿಲ್ಲ. ಮೊದಲ ಮಶೀನು ಮುಗಿಸಿ, ಆಮ್ಯಾಲೆ ಸಾವಕಾಶ ಪೂಜಿಗೆ ಕುಂಡ್ರಿ.”

“ಅದಕ್ಕೇನ, ತೊಳೀತೀನಿ. ಸಣ್ಣಾಂವಿದ್ದಾಗ ತೊಳದಿಲ್ಲೇನು?” ನೀಲಗಂಗವ್ವ ಆಗಲೇ ಎದ್ದು, ಸಂಜೆ ದೂರವಿದ್ದರೂ, ಯಾವ ಪಾತ್ರೆ ಆದೀತು ಎಂದು ಹುಡುಕತೊಡಗಿದ್ದಳು. ಸೊಂಟದ ಮೇಲೆ ಕೈಯಿಟ್ಟು ಒಂದೊಂದನ್ನೇ ತೂಗಿ ನೋಡುತ್ತಿದ್ದ ಅವಳನ್ನು ಕಂಡು ನಾಗರತ್ನಾ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಗಂಡನಿಗೂ ಇಲ್ಲ, ತವರಿಗೂ ಇಲ್ಲ, ಶೀತಲ್‌ಗೂ ಇಲ್ಲ. ಇದನ್ನು ತಾನು ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿದಳು.